ಹುಲ್ಲು ಕಿತ್ತು ಪುಂಡಿ ಬಿತ್ತಿದ್ದು

ಆಫೀಸಿನಲ್ಲಿ ತಪ್ಪು ಮಾಡಿದರೆ ಅದನ್ನು ಸದ್ದಿಲ್ಲದೆ ಇನ್ನೊಬ್ಬರ ಟೇಬಲ್ಲಿಗೆ ದಾಟಿಸುವುದು ನನಗೆ ಚೆನ್ನಾಗಿ ಬರುತ್ತದೆ. ಇಷ್ಟು ವರ್ಷದ ಸರ್ವಿಸಿನಲ್ಲಿ ಗಟ್ಟಿಯಾಗಿ ಕಲಿತ ವಿದ್ಯೆ ಅದೊಂದೇ. ಅದನ್ನು ಮನೆಯ ಅಂಗಳಕ್ಕೂ ತಂದೆನಲ್ಲ, ಅಲ್ಲಿಂದ ಶುರುವಾಯಿತು ಫಜೀತಿ.

ಗೋವಾದ ಮಡಗಾಂವಿನ ನಮ್ಮ ಮನೆಯ ಮುಂದೆ ಹೆಂಡತಿ ಸುನಂದಾ ಜೋಪಾನವಾಗಿ ಬೆಳೆಸಿದ ಲಾನ್ ಇದೆ. ಧಾರವಾಡ ಬಿಟ್ಟು ಬಂದ ಮೇಲೆ ಹುಳಿ ಸೊಪ್ಪಿನ ಪುಂಡಿ ಪಲ್ಯ ಸಿಗದೆ ನನ್ನ ನಾಲಿಗೆ ಜಡ್ಡುಗಟ್ಟಿತ್ತು. ಒಂದು ಮೂಲೆ ಕೊಡು, ಪುಂಡಿ ಹಾಕೋಣ ಎಂದು ತಿಂಗಳುಗಟ್ಟಲೆ ಗೋಗರೆದೆ. "ಉಳಿದ ಹುಲ್ಲು ಹಾಳಾದ್ರ ನಿಮ್ಮನ್ನ ಅಲ್ಲೇ ನೆಡ್ತೀನಿ ನೋಡ್ರಿ," ಎಂದು ಕೊನೆಗೆ ಒಪ್ಪಿದಳು.

ಕೆಲಸಕ್ಕೆ ಕೂಲಿಕಾರರ ಕೇರಿಯಾದ ಮೋತಿ ಡೊಂಗರ್‌ನಿಂದ ಹಸನ್‌ಸಾಬ ಬಂದ. ಬಾದಾಮಿ ಕಡೆಯವನು, ನಮ್ಮ ಕಾಲನಿಯ ಅಂಗಳದ ಕೆಲಸಗಳನ್ನೇ ನಂಬಿ ಬದುಕಿದವನು. ಹುಲ್ಲನ್ನು ಹೆಂಟೆ ಸಮೇತ ಎಬ್ಬಿಸಿ, "ಪಾತಿ ಏರಿಸೂಣ್ರಿ ಸಾಹೇಬ್ರ, ಗೋವಾದ ಮಳಿ ಭಾಳ ಕೆಟ್ಟೈತ್ರಿ," ಎಂದ. ನಾನು ಕೇಳಿದೆನೆ? ನಮ್ಮಜ್ಜ ಹೊಲದಿಂದ ಒಂದು ಹನಿ ನೀರನ್ನೂ ಹೊರಗೆ ಬಿಟ್ಟವನಲ್ಲ. ತಗ್ಗು ತೆಗೆಸಿ, ನಾಲ್ಕೂ ಕಡೆ ಒಡ್ಡು ಹಾಕಿಸಿದೆ. ಮಳೆ ಎಂದರೆ ಹಿಡಿದಿಟ್ಟುಕೊಳ್ಳಬೇಕಾದದ್ದು ಎಂದೇ ನಾವು ಆ ಕಡೆಯವರು ಬೆಳೆದದ್ದು.

ಜೂನ್ ಮೊದಲ ವಾರದಲ್ಲೇ ಅದು ಕೆರೆಯಾಯಿತು. ಬೀಜ ಕೊಳೆತವು, ಕಪ್ಪೆಗಳು ಸಂಸಾರ ಹೂಡಿದವು. "ಯಾರ ಬುದ್ಧಿ ಇದು?" ಎಂದಳು ಸುನಂದಾ. ನಾನು ಯೋಚಿಸುವುದರೊಳಗೆ ಬಾಯಿ ಉತ್ತರ ಕೊಟ್ಟುಬಿಟ್ಟಿತು: "ಹಸನ್‌ಸಾಬಂದು."

ರವಿವಾರ ಅವನನ್ನು ಕರೆಸಿ ನನ್ನೆದುರಿಗೇ ಕೇಳಿದಳು. "ಇಷ್ಟು ವರ್ಷ ಗೋವಾದಾಗ ಇದ್ದು ಇಷ್ಟೂ ತಿಳೀಲಿಲ್ಲೇನ್ರಿ? ಬಾಜೂ ಮನಿಯವರೂ ನಿಮ್ಮನ್ನ ಕರೀಬೇಕಂತಿದ್ರು. ಈಗ ಅವರಿಗೆ ಏನಂತ ಹೇಳ್ಲಿ?"

ಹಸನ್‌ಸಾಬ ನನ್ನನ್ನು ಒಮ್ಮೆ ನೋಡಿದ. ನಾನು ತೆಂಗಿನ ಮರದ ಕಾಯಿ ಎಣಿಸತೊಡಗಿದೆ. ಅವನ ಅನ್ನಕ್ಕೆ ಕಲ್ಲು ಹಾಕುತ್ತಿದ್ದೇನೆಂದು ಚೆನ್ನಾಗಿ ಗೊತ್ತಿತ್ತು, ನಾಚಿಕೆಯೂ ಆಯಿತು, ಎಣಿಕೆ ಮಾತ್ರ ನಿಲ್ಲಿಸಲಿಲ್ಲ. "ತಪ್ಪಾತ್ರಿ ಅಕ್ಕಾರ," ಎಂದ ಅವನು ಒಡ್ಡು ಒಡೆದು, ಕೆಂಪು ಮಣ್ಣು ಏರಿಸಿ, ಹೊಸ ಪಾತಿ ಮಾಡಿ, ಮತ್ತೆ ಬೀಜ ಹಾಕಿ ಹೋದ.

ಪುಂಡಿ ಸೊಂಪಾಗಿ ಬಂತು. "ಆತ ಕೆಡಿಸಿದ್ದನ್ನ ನಮ್ಮನಿಯವರು ನಿಂತು ಸರಿ ಮಾಡಿಸಿದ್ರು," ಎಂದು ಸುನಂದಾ ಕಾಲನಿಗೆಲ್ಲ ಹೇಳಿದಳು. ಬಾಜೂ ಮನೆಯವರು ಹಸನ್‌ಸಾಬನನ್ನು ಬಿಟ್ಟು ನನ್ನನ್ನೇ ಹಿಡಿದರು, ತಮಗೂ ಒಂದು ಪಾತಿ ಮಾಡಿಸಿಕೊಡಬೇಕೆಂದು.

ಗುದ್ದಲಿ ಹಿಡಿಯಲೂ ಬಾರದ ತಜ್ಞ ಇನ್ನೇನು ಮಾಡಬೇಕು? ಮಾನ ಬಿಟ್ಟು ಹಸನ್‌ಸಾಬನಿಗೆ ಫೋನ್ ಮಾಡಿದೆ. ಅಂದಿನದೆಲ್ಲ ನನ್ನದೇ ತಪ್ಪು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ತೊದಲಿದೆ. ಅವನು ನಕ್ಕ.

"ಬರ್ತೇನ್ರಿ ಸಾಹೇಬ್ರ. ಆದ್ರ ಈ ಸಲ ತಪ್ಪು ಯಾರ ಹೆಸರಿಗೆ ಅನ್ನೂದು ಮೊದಲ ಮಾತಾಡ್ಕೊಂಡುಬಿಡೂಣ್ರಿ."