ನನ್ನೊಳಗಿನ ಗಡಿಯಾರ ಓಡಿದ ದಿನ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ಲೆಕ್ಕ ಬರೆಯುವ ರೈಟರ್. ಕಾಯಂ ಅಲ್ಲ. ಕೊಡಗಿಗೆ ರೈಲು ಬಂದಿರಲಿಲ್ಲ. ರೈಲು ಕಂಬಿಯ ತುಂಡೊಂದು ಮಾತ್ರ ಹೇಗೋ ಬಂದು ಆಫೀಸಿನ ಮುಂದಿನ ಹಲಸಿನ ಮರದಲ್ಲಿ ನೇತಾಡುತ್ತಿತ್ತು. ನಾನು ಅದನ್ನು ಬಡಿದರೆ ಕೂಲಿಮನೆಗಳ ಲೈನಿನ ಜನ ಕೆಲಸಕ್ಕೆ ಬರಬೇಕು, ಬಡಿದರೆ ಉಣ್ಣಬೇಕು, ಬಡಿದರೆ ಮನೆಗೆ ಹೋಗಬೇಕು. ಸೂರ್ಯನಿಗೂ ಇಷ್ಟು ಅಧಿಕಾರವಿರಲಿಲ್ಲ!

ಆಫೀಸಿನ ಗಡಿಯಾರ ಕೆಟ್ಟಿತು. ರಿಪೇರಿಗೆ ಕೊಟ್ಟು ಬಂದವನು ಹೆಂಡತಿ ಗೌರಿಗೆ ಹೇಳಿದೆ: "ಅವಸರವಿಲ್ಲ. ಗಡಿಯಾರ ನನ್ನೊಳಗೇ ಇದೆ."

"ಅದಕ್ಕೆ ಕೀ ಕೊಡುವವಳು ನಾನು," ಎಂದಳು.

ಕೆಲವು ದಿನ ನನ್ನ ಹೊಟ್ಟೆ ನೋಡಿ ಇಡೀ ತೋಟ ಊಟ ಮಾಡಿತು. ಆಮೇಲೆ ತೋಟದ ಒಡೆಯರಾದ ಸಾಹುಕಾರರಿಂದ ಸುದ್ದಿ ಬಂತು: ನಾಳೆ ಮಧ್ಯಾಹ್ನದ ಊಟಕ್ಕೆ ಬರುತ್ತಾರೆ, ಹಣ್ಣು ಕೊಯ್ಯುವುದನ್ನು ನೋಡುತ್ತಾರೆ, ಮೆಚ್ಚಿದರೆ ನನ್ನ ಕೆಲಸ ಕಾಯಂ. ಕಾಯಂ ಎಂದರೆ ಹೆಂಚಿನ ಮನೆ. ಗೌರಿ ಅದರ ಕಿಟಕಿಗೆ ಪರದೆಯನ್ನೇ ಹೊಲಿದಿಟ್ಟಳು.

ನನಗೆ ನಿದ್ದೆ ಹತ್ತಲಿಲ್ಲ. ಎದೆ ಡವಡವ. ಬೆಳಗಾಯಿತೆಂದು ಬಡಿದೆ. ಜನ ಲಾಟೀನು ಹಿಡಿದು ಬಂದರು. ನಮ್ಮನ್ನು ನೋಡಿ ಕೋಳಿಗಳು ಗಾಬರಿಬಿದ್ದು ಕೂಗಿದವು!

ದಿನವಿಡೀ ಮೋಡ. ಹಸಿವಾಯಿತು, ಬಡಿದೆ. ಮೇಸ್ತ್ರಿ ಮುತ್ತು ಓಡಿಬಂದ.

"ರೈಟರೇ, ಬೆಳಗ್ಗೆ ತಿಂದದ್ದೇ ಇನ್ನೂ ಗಂಟಲಲ್ಲಿದೆ!"

"ಕಂಬಿ ಹೇಳಿದ ಮೇಲೆ ಮುಗೀತು," ಎಂದೆ ಗಂಭೀರವಾಗಿ.

ಜನ ಉಂಡು ಮತ್ತೆ ಗಿಡಗಳಿಗೆ ಕೈ ಹಾಕಿದ್ದರಷ್ಟೇ, ನನ್ನೊಳಗೆ ಸಂಜೆಯಾಯಿತು. ಬಡಿದೆ! ಅರೆಬರೆ ಚೀಲ ಹೊತ್ತು ಎಲ್ಲರೂ ಹಾಡುತ್ತ ಇಳಿದರು. ಕೆಳಗಿನಿಂದ ಸಾಹುಕಾರರ ಜೀಪು ಹತ್ತಿ ಬಂತು. ಸುತ್ತಿಗೆ ಹಿಡಿದೇ ನಾನೂ ಓಡಿದೆ. ಗೇಟಿನಲ್ಲಿ ಮುಖಾಮುಖಿ.

"ಎಲ್ಲಿಗೆ ಹೊರಟಿರಿ?"

"ಮನೆಗೆ. ಸಂಜೆಯಾಯ್ತಲ್ಲ ಧಣಿ!" ಎಂದಳು ಮುಂದಿದ್ದ ಚೋಮಕ್ಕ.

ಸಾಹುಕಾರರು ವಾಚು ನೋಡಿದರು. ನನ್ನನ್ನು ನೋಡಿದರು. "ನಾನು ಮಧ್ಯಾಹ್ನದ ಊಟಕ್ಕೆ ಬಂದದ್ದು ರೈಟರೇ."

ಜೊತೆಗೆ ಬಂದಿದ್ದ ಡಾಕ್ಟರು ನನ್ನ ನಾಡಿ ಹಿಡಿದರು. "ರಾತ್ರಿ ನಿದ್ದೆ ಇಲ್ಲ ಅಲ್ವಾ? ಹೆದರಿದರೆ ಮೂತ್ರಪಿಂಡದ ತಲೆಮೇಲೆ ಕೂತ ಗ್ರಂಥಿ ರಕ್ತಕ್ಕೆ ಒಂದು ರಸ ಬಿಡುತ್ತದೆ. ಬೆಳಗಿನ ಜಾವ ನಮ್ಮನ್ನು ಎಬ್ಬಿಸಲು ಬೇಕಾದ ರಸ. ಇವರದ್ದು ರಾತ್ರಿಯಿಡೀ ಸುರಿದಿದೆ. ಮಿದುಳಿನ ಗಡಿಯಾರ ಪಾಪ, ಹುಚ್ಚೆದ್ದು ಓಡಿದೆ."

"ಆ ಗ್ರಂಥಿಗೆ ಬೀಗ ಹಾಕ್ಲಿಕ್ಕೆ ಆಗ್ತದಾ ಡಾಕ್ಟ್ರೇ?" ಜೀಪಿನ ಸದ್ದಿಗೆ ಹೊರಬಂದಿದ್ದ ಗೌರಿ ಕೇಳಿದಳು.

ಸಾಹುಕಾರರು ಆಗ ನಕ್ಕರು ಎಂದು ನನ್ನ ನೆನಪು. ಕೆಮ್ಮಿದರು ಎಂದು ಗೌರಿಯ ನೆನಪು. ನನ್ನ ನೆನಪಿಗೆ ನನ್ನ ಗಡಿಯಾರದಷ್ಟೇ ಬೆಲೆ ಕೊಡಿ.

"ಎಲ್ಲರೂ ವಾಪಸ್ ಹೋಗಿ!" ಎಂದು ಕೂಗಿದೆ. ಯಾರೂ ಕದಲಲಿಲ್ಲ.

"ಕಂಬಿ ಹೇಳಿದ ಮೇಲೆ ಮುಗೀತು," ಎಂದ ಮುತ್ತು, ನನ್ನಷ್ಟೇ ಗಂಭೀರವಾಗಿ.

ಹೆಂಚಿನ ಮನೆ ಕೈಬಿಟ್ಟು ಹೋಗುತ್ತಿತ್ತು. ಗೌರಿ ಸೆರಗು ಸಿಕ್ಕಿಸಿ ನನ್ನ ಕೈಯಿಂದ ಸುತ್ತಿಗೆ ಕಿತ್ತುಕೊಂಡಳು, ಹಲಸಿನ ಮರದ ಹತ್ತಿರ ಹೋಗಿ ಬಾರಿಸಿದಳು. ಜನ ನಗುತ್ತ ತಿರುಗಿ ತೋಟ ಹತ್ತಿದರು. ಸಂಜೆ ನಿಜವಾಗಿ ಬರುವವರೆಗೆ ಕೊಯ್ದರು.

ಹೊರಡುವಾಗ ಸಾಹುಕಾರರು ಹೇಳಿದರು: "ರೈಟರ ಕೆಲಸ ಕಾಯಂ. ಸುತ್ತಿಗೆ ಮಾತ್ರ ಈ ಅಮ್ಮನ ಕೈಯಲ್ಲಿರಲಿ."

ಚಿಂತೆ ಕಳೆಯಿತು. ಮರುದಿನ ಬೆಳಗ್ಗೆ ಗೌರಿ ಕಂಬಿ ಬಡಿದಳು. ಲೈನು ಎದ್ದಿತು, ಕೋಳಿಗಳು ಎದ್ದವು, ಪಕ್ಕದ ತೋಟದವರೂ ಎದ್ದರಂತೆ.

ನನಗೆ ಕೇಳಿಸಲೇ ಇಲ್ಲ!