ಇದ್ದಿಲು ಗಾಡಿಯಲ್ಲಿ ಬೀಗರ ಮನೆಗೆ

ಮನುಷ್ಯ ಅಳಿಯನಾದ ಮೇಲೆ ಸುಮ್ಮನಿರಬೇಕು. ಬಡಿಸಿದ ಹೋಳಿಗೆ ತಿಂದು, ಹೊದಿಸಿದ ಶಾಲು ಹೊದ್ದು, ಕೂಡು ಎಂದಲ್ಲಿ ಕೂತರೆ ಅವನ ಮರ್ಯಾದೆಗೆ ಕುಂದಿಲ್ಲ. ನನಗೆ ಅಷ್ಟು ಸಾಲಲಿಲ್ಲ. ಮಾವನ ಮನೆಯವರ ಕಣ್ಣಲ್ಲಿ ದೊಡ್ಡವನಾಗಬೇಕೆಂಬ ಚಪಲ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಬಂಗೂರನಗರದಲ್ಲಿ ಕ್ವಾರ್ಟರ್ಸು, ಮಿಲ್ಲಿನಲ್ಲಿ ಗುಮಾಸ್ತಿಕೆ. ಇಷ್ಟೇ ಇದ್ದ ನಾನು ಗುಜರಿಗೆ ಬಿದ್ದ ಹಳೆಯ ಮೋಟಾರೊಂದನ್ನು ತಂದು, ಸಾಗುವಾನಿ ಹಲಗೆಯ ಮೈ ಕಟ್ಟಿಸಿ, ಮನೆಮಂದಿಯೆಲ್ಲ ಕೂಡುವಂಥ ವ್ಯಾಗನ್ ಮಾಡಿದೆ. ಬೋರ್ಡು ಬರೆಯುವವನಿಂದ ಎರಡೂ ಬದಿಗೆ ಕೆಂಪು ಜ್ವಾಲೆ ಬರೆಸಿದೆ. ನಿಂತಲ್ಲೇ ಓಡುತ್ತಿದೆ ಅನ್ನಿಸಬೇಕು ಎಂದು ನನ್ನ ಆಸೆ. ಮುಂದೆ ಅದು ಹೆಚ್ಚಾಗಿ ಹಾಗೆಯೇ ಓಡಿತು. ಪೆಟ್ರೋಲಿನ ಗೊಡವೆ ಬೇಡವೆಂದು ಹಿಂದುಗಡೆ ಒಂದು ಡ್ರಮ್ಮು ಕೂಡಿಸಿದೆ. ಯುದ್ಧಕಾಲದ ಬಸ್ಸುಗಳಂತೆ, ಅದರಲ್ಲಿ ಇದ್ದಿಲು ಉರಿಸಿದರೆ ಹುಟ್ಟುವ ಗ್ಯಾಸಿನಿಂದ ಎಂಜಿನ್ ನಡೆಯುತ್ತದೆ. ಕಾಡಿನೂರಲ್ಲಿ ಇದ್ದಿಲಿಗೇನು ಬರ? ಹೆಂಡತಿ ಮಾತ್ರ ಅದನ್ನು “ನೀರು ಕಾಸೂ ಬಂಬ” ಎಂದೇ ಕರೆಯುತ್ತಿದ್ದಳು.

ಹೆಂಡತಿಯ ತಂಗಿಗೆ ಹಳಿಯಾಳದಲ್ಲಿ ವರ ಗೊತ್ತಾಗುವುದರಲ್ಲಿತ್ತು. ಅವರು ಹುಡುಗಿಯನ್ನು ಒಪ್ಪಿದ್ದರು. ಇನ್ನು ನಮ್ಮವರು ಹೋಗಿ ಮನೆತನ ನೋಡಿ ಬರಬೇಕು. ಬಸ್ಸಿಗೆ ಹೋಗೋಣವೆಂದರು ಮಾವ. ನಾನು ಬಿಡಬೇಕಲ್ಲ! ಡ್ರಮ್ಮು ತುಂಬಿ, ವಾಪಸು ಬರಲೆಂದು ಒಂದು ಚೀಲ ಇದ್ದಿಲು ಏರಿಸಿದೆ. ಅತ್ತೆಯವರು ಅದನ್ನು ಕಂಡು ಹೌಹಾರಿದರು.

“ಅಳಿಯಂದ್ರ, ಶುಭಕಾರ್ಯಕ್ಕ ಹೊಂಟೇವಿ. ಕರೀ ಇದ್ದಲಿ ಯಾರರೆ ಒಯ್ತಾರೇನ್ರಿ? ಮೊದಲ ಇಳಸ್ರಿ ಅದನ್ನ.”

ವಾದಿಸಬಹುದಿತ್ತು. ಆದರೆ ಇದ್ದಿಲಿಗಾಗಿ ಅತ್ತೆಯ ಜೊತೆ ಜಗಳವೆ? ಚೀಲ ಇಳಿಯಿತು, ಅದರ ಜಾಗದಲ್ಲಿ ಉಂಡಿಯ ಬುಟ್ಟಿ ಕೂತಿತು.

ಬೀಗರ ಓಣಿ ಮುಟ್ಟುತ್ತಲೇ ಡ್ರಮ್ಮಿನ ಇದ್ದಿಲು ತೀರಿ ಗಾಡಿ ಕೆಮ್ಮಿ ನಿಂತಿತು. ಇಳಿದು ನೋಡಿದರೆ ಮಾವನ ಬಿಳಿ ರುಮಾಲು ಮಸಿಬಣ್ಣ. ಉಪಚಾರವೇನೋ ಚೆನ್ನಾಗಿಯೇ ನಡೆಯಿತು. ಮಾವ ಕಣಜ ನೋಡಿದರು, ದನದ ಕೊಟ್ಟಿಗೆ ನೋಡಿದರು, ತಲೆದೂಗಿದರು. ಹೊರಡುವಾಗ ನಾನು ವರನ ತಂದೆಯ ಕಿವಿಯಲ್ಲಿ, “ಒಂದ್ ಚೀಲ ಇದ್ದಲಿ ಸಿಕ್ಕೀತೇನ್ರಿ?” ಎಂದೆ. ಮನೆತನ ತೂಗಲು ಬಂದವರು ಇದ್ದಿಲು ಬೇಡಿದೆವು! ಭೂಮಿ ಬಾಯಿ ಬಿಡಬಾರದೆ ಎನಿಸಿತು.

ಅವರು ಒಳಗೆ ಹೋಗಿ ಕೇಳಿ ಬಂದು ನನಗಿಂತ ಹೆಚ್ಚು ಸಂಕೋಚಪಟ್ಟರು. “ಇದ್ದಲಿಗೇನ್ ಕೊರತಿ ಇಲ್ರಿ. ಆದ್ರ ಇಂಥಾ ದಿನ ಕರೀದು ಮನಿಯಿಂದ ಹೊರಗ ಕೊಡಬಾರದಂತ ನಮ್ಮವ್ವ ಹಟ ಹಿಡದಾಳ. ತಡೀರಿ, ಎತ್ತ ಕಟ್ಟಿಸ್ತೇನಿ.”

ಹೀಗೆ ನನ್ನ ಜ್ವಾಲೆಯ ವ್ಯಾಗನ್ನು ಬೀಗರ ಜೋಡೆತ್ತಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಹಳಿಯಾಳದ ಪೇಟೆಯೊಳಗಿಂದ ಹೊರಟಿತು. ಎತ್ತು ಹೊಡೆಯುತ್ತಿದ್ದವನು ಸಾಕ್ಷಾತ್ ವರನೇ. ಅಂಗಡಿಗಳವರೆಲ್ಲ ಎದ್ದು ನಿಂತು ನೋಡಿದರು. ನಾನು ಸ್ಟೇರಿಂಗು ಹಿಡಿದು ತಲೆ ತಗ್ಗಿಸಿ ಕೂತೆ. ಎಂಜಿನ್ನಿನ ಸದ್ದಿಲ್ಲದ್ದರಿಂದ ಹಿಂದಿನ ಸೀಟಿನ ಮಾತು ಬಲು ಸ್ಪಷ್ಟವಾಗಿ ಕೇಳಿಸುತ್ತಿತ್ತು.

“ಮನಿ ಚೊಲೋ ಐತಿ, ಎತ್ತೂ ಚೊಲೋ ಅದಾವು,” ಎಂದರು ಅತ್ತೆ, ಮಾವನಿಗೆ. “ಹೂಂ ಅನ್ನೂಣು. ಆದ್ರ ಹುಡುಗನ್ನ ಒಂದ್ ಮಾತ ಕೇಳಿಬಿಡ್ರಿ, ಇಂಥಾ ಮೋಟಾರ ಗಾಡಿ ಕಟ್ಟೂ ಚಟ ಏನರೆ ಐತೇನು ಅಂತ. ನಮ್ಮ ಮನಿಗೆ ಒಬ್ಬರು ಸಾಕು.”

ಮಾತು ವರನಿಗೂ ಕೇಳಿಸಿತ್ತು; ಅವನು ತಿರುಗಿ, ನನ್ನ ಮುಖ ತಪ್ಪಿಸಿ, ಬಲು ವಿನಯದಿಂದ ಹೇಳಿದ: “ದೇವರಾಣಿ ಇಲ್ರಿ.”

ಸಂಬಂಧ ಅಲ್ಲಿಯೇ ಗಟ್ಟಿಯಾಯಿತು. ಎದುರಿಗೆ ಒಂದು ಎಮ್ಮೆ ಬಂತು. ನಾನು ಹಾರ್ನ್ ಹೊಡೆದೆ. ಇದ್ದಿಲಿಲ್ಲದೆ ನಡೆಯುವಂಥವು ನನ್ನಲ್ಲಿ ಎರಡೇ, ಅದೊಂದು, ನನ್ನ ಜಂಬವೊಂದು.