ಸಹಾಯ ನಿರಾಕರಣೆಯಲ್ಲಿ ಭಾಗವಹಿಸದ ಕಾರಿನ ಕುರಿತು

ಸಂಖ್ಯೆ: ವಾಹನ/ನಾ.ಚ/೧೭/೨೦೧೧
ದಿನಾಂಕ: ೧೪-೩-೨೦೧೧

ಜಹೀರಾಬಾದ್, ನಾರಾಯಣಖೇಡ ಹಾಗೂ ತಾಂಡೂರು ಶಾಖೆಗಳ ಸಿಬ್ಬಂದಿಗೆ

ವಿಷಯ: ನಾಲ್ಕೂ ಚಕ್ರಗಳಿಗೆ ಬಲ ಹಂಚುವ ಜಾಣ ವ್ಯವಸ್ಥೆ ಮತ್ತು ಸ್ಥಿರತಾ ನಿಯಂತ್ರಣ ಸೇರಿ ಮಾಡಿದ ಕೆಲಸಕ್ಕೆ ಚಾಲಕರಿಗೆ ನೋಟೀಸು ನೀಡಿದ್ದು, ಹಿಂಪಡೆಯುವ ಬಗ್ಗೆ.

ಉಲ್ಲೇಖ: ೧. ಇದೇ ಕಚೇರಿಯ ನೋಟೀಸು, ದಿ. ೨೩-೨-೨೦೧೧.
೨. ಕಾರಿನ ಕೈಪಿಡಿ, ಪುಟ ೨೧೨ (ಮೊದಲೇ ಓದಬೇಕಿತ್ತು).

ಯಂತ್ರದ ವಿಷಯ ಬರೆಯುವಷ್ಟು ತಿಳಿವಳಿಕೆ ಕೆಳಸಹಿದಾರರಿಗಿಲ್ಲ. ಆದರೂ ಬರೆಯಲಾಗುತ್ತಿದೆ. ಕ್ಷಮೆಯಿರಲಿ.

೧. ಪ್ರತ್ಯೇಕ ತೆಲಂಗಾಣಕ್ಕಾಗಿ ನೌಕರರ ಸಹಾಯ ನಿರಾಕರಣೆ (ಅಸಹಕಾರ) ಚಳವಳಿ ನಡೆದಿದ್ದ ದಿ. ೨೨-೨ರಂದು, ತಾಂಡೂರಿಗೆ ಮರಳುತ್ತಿದ್ದ ಕಚೇರಿಯ ಹೊಸ ಕಾರು ಬೊಮ್ರಾಸಪೇಟ್ ತಿರುವಿನಲ್ಲಿ ಕಡಲೆ ಗಿಡಗಳ ಮೇಲೆ ಹತ್ತಿತು. ಗಾಡಿಗಳು ತುಳಿದು ಕಾಳು ಬಿಡಿಸಲೆಂದು ರೈತ ಮಹಿಳೆ ಗುಂಡಮ್ಮ ಅವನ್ನು ಡಾಂಬರಿನ ಮೇಲೆ ಹರವಿದ್ದರು. ಚಾಲಕ ಭೀಮಶಾ ಆಕ್ಸಿಲರೇಟರ್ ಒತ್ತಿದರೂ ಕಾರು ವೇಗ ಹಿಡಿಯದೆ ಮೆಲ್ಲಗೆ ಸಾಗಿತು. ಹಿಂದೆ ಕುಳಿತಿದ್ದ ಕೆಳಸಹಿದಾರರು ಇದನ್ನು ಚಳವಳಿಯೆಂದೇ ಭಾವಿಸಿ, ಮರುದಿನ ಭೀಮಶಾ ಅವರಿಗೆ ನೋಟೀಸು ಕೊಟ್ಟು, ಅವರ ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ನಮೂದಿಸಿದರು.

೨. ಹೇಳಿಕೆಗಳು ಇದ್ದಂತೆಯೇ:
ಭೀಮಶಾ: "ನಾ ಒತ್ತೇ ಒತ್ತೀನ್ರಿ ಸಾಹೇಬ್ರ. ಗಾಡೀಗೇ ಬ್ಯಾಡಾಗಿತ್ತು. ಚಳವಳಿ ಮಾಡಾಂವ ಇದ್ರ ನಿಮಗ ಹೇಳೇ ಮಾಡ್ತಿದ್ದೆ."
ಗುಂಡಮ್ಮ: "ನಿಮ್ಮ ಗಾಡಿ ಹೊಸಾ ಸೊಸಿ ಹಂಗ ಕಾಲಿಟ್ಟು ಹೋತು. ಒಂದು ಕಾಳೂ ಉದರಲಿಲ್ಲ. ಹಳೀ ಜೀಪೇ ಛಲೋ ಇತ್ರಿ."

೩. ಮುಂದಿನ ಚಕ್ರಗಳು ಕಡಲೆ ಗಿಡದ ಮೇಲೆ ಜಾರಿದೊಡನೆ ಜಾಣ ವ್ಯವಸ್ಥೆಯು ಬಲವನ್ನು ಹಿಂದಿನ ಚಕ್ರಗಳಿಗೂ ಕಳಿಸುತ್ತದೆ. ಸ್ಟೇರಿಂಗ್ ತಿರುಗಿಸಿದತ್ತ ಕಾರು ಹೋಗದಿದ್ದಲ್ಲಿ, ಸ್ಥಿರತಾ ನಿಯಂತ್ರಣವು ಬೇಕಾದ ಚಕ್ರಕ್ಕಷ್ಟೇ ಬ್ರೇಕು ಹಾಕಿ, ಎಂಜಿನ್ನಿನ ಬಲವನ್ನೂ ತಗ್ಗಿಸುತ್ತದೆ. ಒಂದು ನೂಕುತ್ತದೆ, ಇನ್ನೊಂದು ಹಿಡಿಯುತ್ತದೆ. ಎರಡೂ ಅದೇ ಚಕ್ರಗಳ ವರದಿಯನ್ನು ಅದೇ ಕ್ಷಣ ಓದುತ್ತವೆ. ಎರಡು ವಿಭಾಗಗಳು ಒಂದೇ ಕಡತವನ್ನು ಒಟ್ಟಿಗೆ ಓದಿದ ನಿದರ್ಶನ ಈ ಕಚೇರಿಯಲ್ಲಿ ಇಲ್ಲದ್ದರಿಂದ ನಂಬಲು ತಡವಾಯಿತು.

೪. ಕಾರು ನಿಧಾನವಾದಲ್ಲಿ ಮೊದಲು, ಈ ವ್ಯವಸ್ಥೆ ಕೆಲಸ ಮಾಡುವಾಗ ಚಾಲಕರ ಎದುರಿನ ಫಲಕದಲ್ಲಿ ಮಿನುಗುವ ಹಳದಿ ದೀಪವನ್ನು ನೋಡತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ. ಚಾಲಕರ ಮುಖವನ್ನು ಆ ನಂತರ ನೋಡಬಹುದು.

೫. ಚಳವಳಿಗೆ ಸೇರಬಯಸುವ ಚಕ್ರವು ಒಂದು ದಿನ ಮುಂಚಿತವಾಗಿ ಲಿಖಿತ ತಿಳುವಳಿಕೆ ನೀಡತಕ್ಕದ್ದು. ಮೂರು ಚಕ್ರಗಳು ಹಾಜರಿದ್ದಲ್ಲಿ ಕಾರು ಹಾಜರೆಂದೇ ಪರಿಗಣಿಸಲಾಗುವುದು.

೬. ಕಾರಿನ ಜಾಣತನ ಜಾರುವುದಕ್ಕಷ್ಟೇ. ರಸ್ತೆ ತಡೆಗೆ ಅನ್ವಯಿಸದು. ಕೊಹೀರ್ ಬಳಿ ರಸ್ತೆಗಡ್ಡ ಕುಳಿತವರಿಗೆ ಕೈಪಿಡಿ ಓದಿ ಹೇಳುವುದನ್ನು ನಿಷೇಧಿಸಲಾಗಿದೆ. (ಒಮ್ಮೆ ಓದಲಾಗಿದೆ. ಅವರು ಪುಟ ೨೧೩ನ್ನೂ ಕೇಳಿದರು.)

೭. ಗುಂಡಮ್ಮನವರ ರಾಶಿ (ಒಕ್ಕಣೆ) ಮುಗಿಯುವವರೆಗೆ, ಯಾವುದೇ ಜಾಣತನ ಹೊಂದಿಲ್ಲದ ಕಾರಣ, ಹಳೆಯ ಜೀಪನ್ನು ಅಲ್ಲಿಗೆ ನಿಯೋಜಿಸಲಾಗಿದೆ.

೮. ನೋಟೀಸನ್ನು ಹಿಂಪಡೆಯಲಾಗಿದೆ. ಕೆಂಪು ನಮೂದನ್ನು ಹೊಡೆದುಹಾಕಿ, ತಪ್ಪು ಬರೆದವರದೆಂದು ಪಕ್ಕದಲ್ಲೇ ಬರೆಯಲಾಗಿದೆ.

೯. ನೋಟೀಸಿನ ದಿನದಿಂದ ಭೀಮಶಾ ಅವರು ಬೆಳಿಗ್ಗೆ "ಚಾ ಆತೇನ್ರಿ ಸಾಹೇಬ್ರ?" ಎಂದು ಕೇಳುವುದನ್ನು ನಿಲ್ಲಿಸಿದ್ದಾರೆ. ಇದಕ್ಕೆ ಕೈಪಿಡಿಯಲ್ಲಿ ದೀಪವಿಲ್ಲ. ಇನ್ನು ಮುಂದೆ ಕೇಳುವರೋ ಇಲ್ಲವೋ ತಿಳಿದುಬಂದಿಲ್ಲ.

ಸಹಿ/-
(ನಂದಕಿಶೋರ)
ಕಚೇರಿ ಅಧೀಕ್ಷಕ, ಜಹೀರಾಬಾದ್

ಪ್ರತಿಗಳು:
ಮೂರೂ ಶಾಖೆಗಳ ಸೂಚನಾ ಫಲಕಕ್ಕೆ (ತೆಲುಗು ಪ್ರತಿ, ಟೈಪಿಸ್ಟರು ಮರಳಿದ ನಂತರ).
ಗುಂಡಮ್ಮ, ಬೊಮ್ರಾಸಪೇಟ್, ಜೀಪಿನೊಂದಿಗೆ.
ಕಾರಿನ ಮುಂದಿನ ಖಾನೆಗೆ, ಪುಟ ೨೧೨ರ ಎದುರು ಇಡಲು.
ಭೀಮಶಾ, ಚಾಲಕರು, ಖುದ್ದಾಗಿ, ಒಂದು ಕಪ್ ಚಹಾದೊಂದಿಗೆ.